ಕಂಚು, ಚಿನ್ನ, ಪಾದರಸ: ಫ್ರೆಂಚ್ ಅಗ್ಗಿಷ್ಟಿಕೆ ಗಡಿಯಾರಗಳೂ ಕನ್ನಡನಾಡಿನ ನಂಟೂ

ಚಿನ್ನದ ಲೇಪವಿರುವ ಕಂಚಿನ ಗಡಿಯಾರಗಳು 18ನೇ ಶತಮಾನದ ಉತ್ತರಾರ್ಧದಿಂದ 19ನೇ ಶತಮಾನದ ನಡುವಿನವರೆಗೆ ಪ್ಯಾರಿಸ್ ನಗರದ ಹೆಸರಾಂತ ಸರಕಾಗಿದ್ದವು. ಚಳಿ ಕಾಯಿಸಲು ಕೋಣೆಯ ಗೋಡೆಯಲ್ಲಿ ಕಟ್ಟಿದ ಅಗ್ಗಿಷ್ಟಿಕೆಯ ಮೇಲ್ಹಲಗೆ ಇವುಗಳ ಜಾಗ. ಹಿಂದೆ ದೊಡ್ಡ ಕನ್ನಡಿ, ಎರಡು ಬದಿಗೆ ಮೇಣದ ಬತ್ತಿಯ ಕಂಬಗಳು, ನಡುವೆ ಗಡಿಯಾರ. ಗ್ರೀಕ್ ಮತ್ತು ರೋಮನ್ ಪುರಾಣದ ಒಬ್ಬ ದೇವತೆಯೋ ವೀರನೋ ಅದರ ಮುಖ್ಯ ಆಕೃತಿ. ವೇಳೆ ತೋರಿಸುವ ಬಿಲ್ಲೆ ಆ ಆಕೃತಿಯ ಪಕ್ಕದ ಪೀಠದಲ್ಲೋ ಬಂಡೆಯಲ್ಲೋ ರಥದ ಗಾಲಿಯಲ್ಲೋ ಅಡಗಿ ಕೂರುತ್ತದೆ. ಇವು ಗಡಿಯಾರ ಇಟ್ಟ ಶಿಲ್ಪಗಳೇ ಹೊರತು ಶಿಲ್ಪ ಅಂಟಿಸಿದ ಗಡಿಯಾರಗಳಲ್ಲ. ಹಾಗಾಗಿ ಇವುಗಳ ಚರಿತ್ರೆಯಲ್ಲಿ ಗಡಿಯಾರ ಕಟ್ಟಿದವನಿಗಿಂತ ಎರಕ ಹೊಯ್ದವನು, ಚಾಣ ಹಿಡಿದವನು, ಚಿನ್ನ ಹಚ್ಚಿದವನು ಮುಂದೆ ನಿಲ್ಲಬೇಕು.

ಲೋಲಕವಿರುವ ಗಡಿಯಾರವನ್ನು ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ 1656ರಲ್ಲಿ ರೂಪಿಸಿದ. ಮುಂದೆ 1666ರಲ್ಲಿ ಅವನು ಪ್ಯಾರಿಸ್ಸಿಗೆ ಬಂದು ನೆಲೆಸಿದ ಮೇಲೆ ಅಲ್ಲಿನ ಗಡಿಯಾರ ಕೆಲಸಕ್ಕೆ ಹೊಸ ಬಲ ಬಂತು. ಹದಿನಾಲ್ಕನೇ ಲೂಯಿಯ ಕಾಲದಲ್ಲಿ ಆಮೆಚಿಪ್ಪು ಮತ್ತು ಹಿತ್ತಾಳೆ ಕೂಡಿಸಿದ ಮರದ ಪೆಟ್ಟಿಗೆಗಳು, ಹದಿನೈದನೇ ಲೂಯಿಯ ಕಾಲದಲ್ಲಿ ಬಳ್ಳಿ, ಚಿಪ್ಪು, ಹೂವುಗಳ ತಿರುವುಮುರುವು ಅಲಂಕಾರ ಮೆರೆದವು. ಆ ರುಚಿ ಬದಲಾದದ್ದು ಇಟಲಿಯ ಮಣ್ಣಿನಡಿಯಿಂದ. ವೆಸೂವಿಯಸ್ ಜ್ವಾಲಾಮುಖಿಯಲ್ಲಿ ಹೂತುಹೋಗಿದ್ದ ಹರ್ಕ್ಯುಲೇನಿಯಂ ಪಟ್ಟಣದ ಉತ್ಖನನ 1738ರಲ್ಲಿ, ಪಾಂಪೆಯದು 1748ರಲ್ಲಿ ಶುರುವಾಯಿತು. ಅಲ್ಲಿ ಸಿಕ್ಕ ಪಾತ್ರೆ, ದೀಪ, ಗೋಡೆಚಿತ್ರಗಳ ಅಚ್ಚುಚಿತ್ರಗಳು ಯುರೋಪಿನಲ್ಲೆಲ್ಲ ಹರಡಿದವು. 1760ರ ದಶಕಕ್ಕೆ ಬರುವ ಹೊತ್ತಿಗೆ ಪ್ಯಾರಿಸ್ಸಿನ ಸಿರಿವಂತರು ಬಳ್ಳಿಯ ಬಳುಕು ಬಿಟ್ಟು ನೇರ ಕಂಬ, ಕಲಶದಾಕಾರದ ಪಾತ್ರೆ, ಎಲೆಮಾಲೆ, ಸಿಂಹಮುಖಗಳನ್ನು ಕೇಳತೊಡಗಿದ್ದರು.

ಇಂಥ ಒಂದು ಗಡಿಯಾರ ಒಬ್ಬನ ಕೈಯಲ್ಲಿ ಆಗುತ್ತಿರಲಿಲ್ಲ. ಶಿಲ್ಪಿ ಮಣ್ಣಿನಲ್ಲೋ ಮೇಣದಲ್ಲೋ ಮಾದರಿ ಮಾಡಿಕೊಟ್ಟರೆ ಎರಕದವನು ಮರಳಿನ ಅಚ್ಚಿನಲ್ಲಿ ಬಿಡಿ ಬಿಡಿ ಭಾಗಗಳನ್ನು ಹೊಯ್ಯುತ್ತಿದ್ದ. ಚಾಣದ ಕೆಲಸದವನು ಕೂದಲೆಳೆ, ಬಟ್ಟೆಯ ನಿರಿಗೆ, ಎಲೆಯ ನರಗಳನ್ನು ತಿದ್ದುತ್ತಿದ್ದ. ಬಿಲ್ಲೆಯ ಮೇಲೆ ಬಣ್ಣದ ಎನಾಮೆಲ್ ಸುಡುವವನು ಬೇರೆ. ಆ ಕೆಲಸದಲ್ಲಿ ಜೋಸೆಫ್ ಕೊತೋನ ಹೆಸರು ಇಂದಿಗೂ ದೊಡ್ಡದು. ಎರಕದವರಿಗೂ ಲೇಪದವರಿಗೂ ಬೇರೆ ಬೇರೆ ವೃತ್ತಿಸಂಘಗಳಿದ್ದು, ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈಹಾಕಿದರೆ ವ್ಯಾಜ್ಯವಾಗುತ್ತಿತ್ತು. ಆ ಎರಡೂ ಸಂಘಗಳು 1776ರಲ್ಲಿ ಒಂದಾದವು. ಇವರೆಲ್ಲರ ನಡುವೆ ನಿಂತು ಗಿರಾಕಿಗೆ ವಸ್ತು ಒದಗಿಸುತ್ತಿದ್ದವನು ವರ್ತಕ. ಬಿಲ್ಲೆಯ ಮೇಲೆ ಕಾಣುವ ಹೆಸರು ಬಹಳ ಸಲ ಯಂತ್ರ ಜೋಡಿಸಿದವನದೋ ಮಾರಿದವನದೋ ಆಗಿರುತ್ತದೆ. ಶಿಲ್ಪವನ್ನು ತಿದ್ದಿ ತೀಡಿದ ಚಾಣದವನ ಹೆಸರು ಅಲ್ಲಿ ಅಪರೂಪ, ಲೇಪ ಹಚ್ಚಿದವನದು ಇನ್ನೂ ಅಪರೂಪ. ಹರಾಜಿನ ಪಟ್ಟಿಗಳು ಆ ಒಂದು ಹೆಸರನ್ನೇ ನಂಬಿ ನಡೆಯುವುದು ಇವರಿಗೆ ಆದ ದೊಡ್ಡ ಅನ್ಯಾಯ.

ಲೇಪದ ಕೆಲಸ ಹೀಗೆ ನಡೆಯುತ್ತಿತ್ತು. ಚಿನ್ನವನ್ನು ತೆಳು ತಗಡು ಮಾಡಿ, ಕತ್ತರಿಸಿ, ಕಾದ ಮೂಸೆಯಲ್ಲಿ ಪಾದರಸದೊಂದಿಗೆ ಬೆರೆಸಿದರೆ ಬೆಣ್ಣೆಯಂಥ ಮುದ್ದೆಯಾಗುತ್ತದೆ. ಕಂಚನ್ನು ಆಮ್ಲದಲ್ಲಿ ತೊಳೆದು, ಪಾದರಸದ ದ್ರಾವಣ ಸವರಿ, ಹಿತ್ತಾಳೆ ತಂತಿಯ ಕುಂಚದಿಂದ ಈ ಮುದ್ದೆಯನ್ನು ಹಚ್ಚಿ ಕೆಂಡದ ಮೇಲೆ ಹಿಡಿಯಬೇಕು. ಪಾದರಸ 357 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆಯಾದರೂ ಅದಕ್ಕೆ ಮೊದಲೇ ಆವಿಯಾಗಿ ಹಾರತೊಡಗುತ್ತದೆ. ಅದು ಹೋದ ಮೇಲೆ ಉಳಿಯುವ ಚಿನ್ನ ಲೋಹಕ್ಕೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ದಪ್ಪ ಲೇಪ ಬೇಕಾದರೆ ಇದನ್ನೇ ಮತ್ತೆ ಮತ್ತೆ ಮಾಡಬೇಕು. ಕೊನೆಗೆ ಅಕೀಕು ಕಲ್ಲಿನಿಂದ ಉಜ್ಜಿದ ಕಡೆ ಕನ್ನಡಿಯ ಹೊಳಪು. ಮಂಕಾಗಿ ಬಿಟ್ಟ ಕಡೆ ಮೈಯ ಚರ್ಮದ, ಬಟ್ಟೆಯ ಮೃದುತ್ವ. ಹೊಳಪನ್ನೂ ಮಂಕನ್ನೂ ಎದುರುಬದುರು ಇಟ್ಟು ಆಕೃತಿಗೆ ಜೀವ ಕೊಡುವುದರಲ್ಲಿ ಪಿಯರ್ ಗೂತಿಯೇರ್ ಹೆಸರಾದವನು. ಇದೇ ಪಾದರಸದ ಲೇಪ ನೇಪಾಳದ ಪಾಟನ್ ಪಟ್ಟಣದ ಮೂರ್ತಿ ಕೆಲಸದವರ ಪರಂಪರೆಯಲ್ಲೂ ಇದೆ.

ಆ ಹೊಳಪಿಗೆ ತೆತ್ತ ಬೆಲೆ ಲೇಪಗಾರರ ದೇಹ. ಪಾದರಸದ ಆವಿ ಕುಡಿದವರ ಕೈ ನಡುಗುತ್ತಿತ್ತು, ಹಲ್ಲು ಉದುರುತ್ತಿತ್ತು, ಮಾತು ತೊದಲುತ್ತಿತ್ತು. ನಡುವಯಸ್ಸು ಮುಟ್ಟದೆ ಸತ್ತವರು ಬಹಳ. ಕಂಚಿನ ಕೆಲಸದ ದೊಡ್ಡ ಉದ್ಯಮಿ ಆಂತ್ವಾನ್ ಆಂದ್ರೆ ರಾವ್ರಿಯೋ 1814ರಲ್ಲಿ ತೀರಿಕೊಂಡಾಗ, ಲೇಪಗಾರರನ್ನು ಈ ವಿಷದಿಂದ ಕಾಪಾಡುವ ಉಪಾಯ ಕಂಡುಹಿಡಿದವರಿಗೆಂದು ಉಯಿಲಿನಲ್ಲಿ 3,000 ಫ್ರಾಂಕ್ ಬಹುಮಾನ ಇಟ್ಟಿದ್ದ. ವಿಜ್ಞಾನ ಅಕಾಡೆಮಿ 1818ರಲ್ಲಿ ಅದನ್ನು ರಸಾಯನಶಾಸ್ತ್ರಜ್ಞ ದಾರ್ಸೆಗೆ ಕೊಟ್ಟಿತು. ಬೇರೊಂದು ಬೆಂಕಿಯ ಸೆಳೆತದಿಂದ ಆವಿಯನ್ನು ಹೊಗೆಕೊಳವೆಗೆ ಎಳೆದುಕೊಳ್ಳುವ ಒಲೆಯನ್ನು ಅವನು ರೂಪಿಸಿದ್ದ. ತನ್ನ ಸಂಪತ್ತು ಯಾರ ಉಸಿರಿನಿಂದ ಬಂತೆಂಬುದನ್ನು ಮಾಲೀಕನೊಬ್ಬ ಬರಹದಲ್ಲಿ ಒಪ್ಪಿಕೊಂಡ ಆ ಉಯಿಲು ಕಲಾಚರಿತ್ರೆಯಲ್ಲಿ ಇನ್ನೂ ಹೆಚ್ಚಿನ ಗಮನಕ್ಕೆ ಯೋಗ್ಯವಾದದ್ದು.

ಈ ಕೆಲಸ ಉತ್ತುಂಗದಲ್ಲಿದ್ದ ಹೊತ್ತಿನಲ್ಲೇ ಕನ್ನಡನಾಡಿನ ನಂಟು ಸಿಗುತ್ತದೆ. ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳಾದ ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮುಹಮ್ಮದ್ ಉಸ್ಮಾನ್ ಖಾನ್ 1787ರಲ್ಲಿ ಪಾಂಡಿಚೇರಿಯಿಂದ ಹಡಗು ಹತ್ತಿ, 1788ರ ಜೂನ್‌ನಲ್ಲಿ ತೂಲೋನ್ ಬಂದರು ತಲುಪಿದರು. ಆಗಸ್ಟ್ 10ರಂದು ವರ್ಸೈ ಅರಮನೆಯಲ್ಲಿ ಹದಿನಾರನೇ ಲೂಯಿ ಅವರಿಗೆ ದರ್ಶನ ಕೊಟ್ಟ. ಇಂಗ್ಲಿಷರ ವಿರುದ್ಧ ಸೇನಾ ನೆರವು ಕೇಳುವುದು ಅವರ ಮುಖ್ಯ ಕೆಲಸ, ಅದು ಕೈಗೂಡಲಿಲ್ಲ. ಆದರೆ ಅವರ ಬೇಡಿಕೆಯಲ್ಲಿ ಇನ್ನೊಂದು ಭಾಗವಿತ್ತು: ಬಂದೂಕು, ಪಿಂಗಾಣಿ, ಗಾಜಿನ ಕೆಲಸದವರ ಜೊತೆಗೆ ಗಡಿಯಾರ ಮಾಡುವವರನ್ನೂ ಶ್ರೀರಂಗಪಟ್ಟಣಕ್ಕೆ ಕಳಿಸಬೇಕು. 1789ರಲ್ಲಿ ರಾಯಭಾರಿಗಳು ಸೆವ್ರ್ ಪಿಂಗಾಣಿಯ ಉಡುಗೊರೆಯೊಂದಿಗೂ ಕೆಲವು ಕುಶಲಕರ್ಮಿಗಳೊಂದಿಗೂ ಮರಳಿದರು. ಆ ಕಾಲದ ಅರಸರಲ್ಲಿ ಬಹುಮಂದಿ ಗಡಿಯಾರವನ್ನು ಕೇಳಿದರೆ ಟಿಪ್ಪು ಗಡಿಯಾರ ಮಾಡುವವನನ್ನು ಕೇಳಿದ ಎಂಬುದು ಗಮನಿಸಬೇಕಾದ ಸಂಗತಿ. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿರುವ ಟಿಪ್ಪುವಿನ ಯಾಂತ್ರಿಕ ಹುಲಿಯ ಒಳಗಿನ ತಿದಿ, ಕೊಳವೆಗಳಲ್ಲಿ ಫ್ರೆಂಚ್ ಕೈ ಇದ್ದಿರಬಹುದೆಂದು ಹಲವು ವಿದ್ವಾಂಸರು ಊಹಿಸಿದ್ದಾರೆ.

ಹೈದರನಿಗೂ ಟಿಪ್ಪುವಿಗೂ ಕಪ್ಪ ಒಪ್ಪಿಸಿದ ಪಾಳೆಯಗಾರರಲ್ಲಿ ಹರಪನಹಳ್ಳಿಯವರೂ ಇದ್ದರು. ಇಂದಿನ ವಿಜಯನಗರ ಜಿಲ್ಲೆಗೆ ಸೇರಿದ ಹರಪನಹಳ್ಳಿ, ಹೂವಿನಹಡಗಲಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಗಳ ಈ ಬಯಲುಸೀಮೆಯಲ್ಲಿ ಹೊತ್ತಿನ ಲೆಕ್ಕ ಬೇರೆಯದೇ ಆಗಿತ್ತು. ಬಾಗಳಿಯ ಕಲ್ಲೇಶ್ವರ ಗುಡಿಯ ಶಾಸನಗಳಂಥ ಇಲ್ಲಿನ ಕಲ್ಬರಹಗಳು ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರಗಳ ಜೊತೆಗೆ ಸಂಕ್ರಮಣ, ಗ್ರಹಣಗಳನ್ನು ಹೆಸರಿಸಿ ದಾನದ ಹೊತ್ತನ್ನು ಗುರುತಿಸುತ್ತವೆ. ಪಂಚಾಂಗದ ಲೆಕ್ಕದಲ್ಲಿ ದಿನಕ್ಕೆ 60 ಗಳಿಗೆ, ಗಳಿಗೆಗೆ 24 ನಿಮಿಷ. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಗಳಿಗೆ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ಅದು ತುಂಬಿ ಮುಳುಗುವ ಹೊತ್ತಿಗೆ ಒಂದು ಗಳಿಗೆ.

ಈ ಲೆಕ್ಕವನ್ನು ಇಲ್ಲಿ ತಂದದ್ದಕ್ಕೆ ಕಾರಣವಿದೆ. ಫ್ರೆಂಚ್ ಕ್ರಾಂತಿ ಅರಸನನ್ನು ತೆಗೆದಂತೆ ಹಳೆಯ ಗಂಟೆಯನ್ನೂ ತೆಗೆಯಲು ಹೊರಟಿತು. 1793ರ ಶಾಸನದಂತೆ ದಿನಕ್ಕೆ 10 ಗಂಟೆ, ಗಂಟೆಗೆ 100 ನಿಮಿಷ. ಹೊಸ ಫ್ರೆಂಚ್ ಗಂಟೆ ಹಳೆಯ 144 ನಿಮಿಷಕ್ಕೆ, ಅಂದರೆ ಸರಿಯಾಗಿ 6 ಗಳಿಗೆಗೆ ಸಮ. ಪ್ಯಾರಿಸ್ಸಿನವರಿಗೆ ಒಗ್ಗದ ಆ ಗಂಟೆಯನ್ನು ಹಡಗಲಿಯ ಜೋಯಿಸನೊಬ್ಬ ಬೆರಳೆಣಿಕೆಯಲ್ಲೇ ಹೊಂದಿಸಿಕೊಳ್ಳಬಹುದಿತ್ತು. 1795ರ ಏಪ್ರಿಲ್‌ನಲ್ಲಿ ಸರ್ಕಾರ ಅದರ ಕಡ್ಡಾಯವನ್ನು ಕೈಬಿಟ್ಟಿತು. ಹತ್ತು ಗಂಟೆಯ ಬಿಲ್ಲೆಯಿರುವ, ಕೆಲವೊಮ್ಮೆ ಹತ್ತೂ ಹನ್ನೆರಡೂ ಒಟ್ಟಿಗಿರುವ ಆ ಕಾಲದ ಗಡಿಯಾರಗಳು ಇಂದು ಸಂಗ್ರಹಕಾರರಿಗೆ ಬಹಳ ಬೇಕಾದವು.

ಕ್ರಾಂತಿ ವೃತ್ತಿಸಂಘಗಳನ್ನು 1791ರಲ್ಲೇ ರದ್ದುಮಾಡಿತ್ತು. ಆಮೇಲೆ ಎರಕ, ಚಾಣ, ಲೇಪ ಎಲ್ಲವನ್ನೂ ಒಂದೇ ಸೂರಿನಡಿ ತರುವುದು ಸಾಧ್ಯವಾಯಿತು. ಗೂತಿಯೇರನ ಬಳಿ ಪಳಗಿದ್ದ ಪಿಯರ್ ಫಿಲಿಪ್ ತೊಮೀರ್ (1751–1843) ನೂರಾರು ಜನರ ಕಾರ್ಖಾನೆ ಕಟ್ಟಿ ನೆಪೋಲಿಯನ್ನನ ಅರಮನೆಗಳಿಗೆ ಕಂಚಿನ ವಸ್ತು ಒದಗಿಸಿದ. ರಾವ್ರಿಯೋ, ಕ್ಲೋದ್ ಗಾಲ್ ಅವನ ಸಮಕಾಲೀನರು. ಸಾಮ್ರಾಟನ ಕಾಲದ ಗಡಿಯಾರಗಳು ಘನವಾದವು, ಚೌಕಟ್ಟಾದವು. ಅಪೋಲೋ, ಮಿನರ್ವ, ಕ್ಯುಪಿಡ್ ಮತ್ತು ಸೈಕಿ, ಮಗ್ಗುಲಲ್ಲಿ ಕಿನ್ನರಿ ಹಿಡಿದ ಕಾವ್ಯದೇವತೆ ಇವುಗಳ ಮೇಲೆ ಬಂದರು. ಹೆಚ್ಚು ಮನಸೆಳೆಯುವ ಬಗೆಯೆಂದರೆ ರಥದ ಗಡಿಯಾರ. ಕುದುರೆಗಳೋ ಚಿಟ್ಟೆಗಳೋ ಎಳೆಯುವ ರಥದ ಗಾಲಿಯೇ ಬಿಲ್ಲೆ. ಗಾಲಿಯ ಗುಂಬದಿಂದ ಮುಳ್ಳುಗಳು ಹೊರಟು ತಿರುಗುತ್ತವೆ. ಗುರು ಕೊಟ್ಟೂರೇಶ್ವರನ ತೇರು ಎಳೆಯುವ ಊರಿನವರಿಗೆ ಆ ಕಲ್ಪನೆ ವಿವರಣೆ ಬೇಡದೆ ತಿಳಿಯುತ್ತದೆ. ಹೆಣ್ಣಿನ ದೇಹವನ್ನೇ ಕಟ್ಟಡದ ಅಂಗ ಮಾಡುವ ಗ್ರೀಕ್ ಕಂಬಗಳ ಮಾದರಿಯೂ ಈ ಗಡಿಯಾರಗಳಲ್ಲಿದೆ. ಹಡಗಲಿ ತಾಲ್ಲೂಕಿನ ಕುರುವತ್ತಿಯ ಮಲ್ಲಿಕಾರ್ಜುನ ಗುಡಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಮದನಿಕೆಯರು ಕಂಬದ ನೆತ್ತಿಯಲ್ಲಿ ನಿಂತ ಭಂಗಿ ಅದಕ್ಕಿಂತ ಎಷ್ಟೋ ಸಡಿಲ, ಎಷ್ಟೋ ಜೀವಂತ.

ಎಲ್ಲ ಆಕೃತಿಗಳೂ ಪುರಾಣದವಲ್ಲ. ದವೆರ್ಬೆರಿ ಎಂಬ ಕಂಚುಗಾರ 1799ರಲ್ಲಿ ಆಫ್ರಿಕಾ ಮತ್ತು ಅಮೆರಿಕವನ್ನು ಹೆಣ್ಣಾಗಿ ಚಿತ್ರಿಸಿದ ಗಡಿಯಾರಗಳ ನಕ್ಷೆಗಳನ್ನು ತನ್ನ ಹಕ್ಕಿಗೆಂದು ಸರ್ಕಾರದಲ್ಲಿ ದಾಖಲಿಸಿದ. ಬಿಲ್ಲು ಬತ್ತಳಿಕೆ, ಗರಿಯ ಸೊಂಟಪಟ್ಟಿ, ಕಪ್ಪು ಲೇಪದ ಮೈ, ಚಿನ್ನದ ಆಭರಣ. ಕೆಲಸ ಬಲು ನವಿರು. ಆದರೆ ಇವು ಕೊಳ್ಳುವವರ ಮನೆ ತಲುಪುತ್ತಿದ್ದಾಗ, 1802ರಲ್ಲಿ, ನೆಪೋಲಿಯನ್ ವಸಾಹತುಗಳಲ್ಲಿ ಗುಲಾಮಗಿರಿಯನ್ನು ಮತ್ತೆ ಜಾರಿಗೆ ತಂದ. ಈ ಗಡಿಯಾರಗಳನ್ನು ಆ ಸಂಗತಿಯಿಂದ ಬೇರ್ಪಡಿಸಿ ಬರೀ ಚೆಲುವಿನ ವಸ್ತುವಾಗಿ ನೋಡಲಾಗದು.

ಒಳಗಿನ ಯಂತ್ರ ಸರಳ. ಎರಡು ದುಂಡು ಹಿತ್ತಾಳೆ ತಗಡುಗಳ ನಡುವೆ ಎರಡು ಸ್ಪ್ರಿಂಗ್ ಪೆಟ್ಟಿಗೆಗಳು: ಒಂದು ಮುಳ್ಳು ನಡೆಸಲು, ಇನ್ನೊಂದು ಗಂಟೆ, ಅರ್ಧಗಂಟೆ ಬಡಿಯಲು. ಹಳೆಯವುಗಳಲ್ಲಿ ಲೋಲಕ ರೇಷ್ಮೆ ದಾರದಲ್ಲಿ ತೂಗುತ್ತದೆ. 19ನೇ ಶತಮಾನದ ನಡುವಿನಿಂದ ಗಡಿಯಾರಗಾರ ಬ್ರೊಕೋ ರೂಪಿಸಿದ ಉಕ್ಕಿನ ತೆಳು ಪಟ್ಟಿ ಆ ಜಾಗಕ್ಕೆ ಬಂತು. ಬಿಲ್ಲೆಯ ಮೇಲ್ಗಡೆಯ ಸಣ್ಣ ರಂಧ್ರಕ್ಕೆ ಚಾವಿ ಹಾಕಿ ವೇಗ ಸರಿಪಡಿಸಬಹುದಾದರೆ ಅದು ಈ ಪಟ್ಟಿಯಿರುವ ಗಡಿಯಾರ.

1840ರಲ್ಲಿ ಇಂಗ್ಲೆಂಡಿನ ಎಲ್ಕಿಂಗ್ಟನ್ ಪೇಟೆಂಟ್ ಪಡೆದ ವಿದ್ಯುತ್ ಲೇಪ ಫ್ರಾನ್ಸಿಗೆ ಉದ್ಯಮಿ ಕ್ರಿಸ್ತೋಫ್ಲ್ ಮೂಲಕ ಬಂದ ಮೇಲೆ ಪಾದರಸದ ಒಲೆಗಳು ಒಂದೊಂದಾಗಿ ಆರಿದವು. ಕಂಚಿನ ಬದಲು ಸತು ಎರಕವಾಗಿ, ಮೇಲೆ ಗಿಲೀಟು ಮೆತ್ತಿಕೊಂಡು ಗಡಿಯಾರ ನಡುವರ್ಗದ ಮನೆಗಳಿಗೂ ಇಳಿಯಿತು. ಲೇಪಗಾರರ ಆಯುಷ್ಯ ಉಳಿದದ್ದು ನಿಜವಾದ ಲಾಭ. ಕೆಲಸದ ಗುಣ ಕುಸಿದದ್ದು ನಿಜವಾದ ನಷ್ಟ. ಹಳೆಯ ಕೆಲಸವನ್ನೂ ಹೊಸದನ್ನೂ ಬೇರೆ ಬೇರೆಯಾಗಿ ಗುರುತಿಸುವುದು ಕಷ್ಟವಲ್ಲ. ಸತು ಹಗುರ, ಗೀರಿದರೆ ಬೂದುಬಣ್ಣ. ಪಾದರಸದ ಲೇಪ ದಪ್ಪ, ಬೆಚ್ಚನೆಯ ಹಳದಿ; ಉಜ್ಜಿದ ಕಡೆಗೂ ಮಂಕು ಕಡೆಗೂ ಗೆರೆ ಎಳೆದಂಥ ಅಂತರ. ವಿದ್ಯುತ್ ಲೇಪ ತೆಳುವಾಗಿ ಒಂದೇ ಸಮ ಹರಡಿರುತ್ತದೆ.

ಫ್ರೆಂಚ್ ಗಡಿಯಾರಗಳು ದಕ್ಷಿಣ ಭಾರತದಲ್ಲಿ ಉಳಿದಿರುವುದು ಹೆಚ್ಚಾಗಿ ಅರಸರ, ದಿವಾನರ ಸಂಗ್ರಹಗಳಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹರಪನಹಳ್ಳಿ ಸೀಮೆ ನಿಜಾಮನ ಪಾಲಿಗೆ ಬಂದು, 1800ರಲ್ಲಿ ಬಳ್ಳಾರಿ, ಅನಂತಪುರ, ಕಡಪಗಳೊಂದಿಗೆ ಈಸ್ಟ್ ಇಂಡಿಯಾ ಕಂಪನಿಗೆ ಸೇರಿತು. ಆ ನಿಜಾಮರ ರಾಜಧಾನಿ ಹೈದರಾಬಾದಿನಲ್ಲಿ 1951ರಲ್ಲಿ ತೆರೆದ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದ ಗಡಿಯಾರ ವಿಭಾಗದಲ್ಲಿ ಫ್ರಾನ್ಸಿನ ಅಲಂಕೃತ ಗಡಿಯಾರಗಳಿವೆ. ವಿಜಯನಗರ ಜಿಲ್ಲೆಯ ಓದುಗರು ಹೋಗಿ ನೋಡಬಹುದಾದ ಸಮೃದ್ಧ ಸಂಗ್ರಹ ಅದು.

ಮೈಸೂರಿನ ಜಗನ್ಮೋಹನ ಅರಮನೆ ಇನ್ನೊಂದು ತಾಣ. ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ ಈ ಅರಮನೆ ನಾಲ್ವಡಿಯವರ ಕಾಲದಲ್ಲಿ, 1915ರಲ್ಲಿ, ಚಿತ್ರಶಾಲೆಯಾಯಿತು. ಅಲ್ಲಿ ನೋಡುಗರು ಕಾದು ನಿಲ್ಲುವ ವಸ್ತುವೆಂದರೆ ಫ್ರಾನ್ಸಿನಿಂದ ಬಂದ ಸಂಗೀತ ಗಡಿಯಾರ. ಇದು ಪುರಾಣಶಿಲ್ಪದ ಅಗ್ಗಿಷ್ಟಿಕೆ ಗಡಿಯಾರವಲ್ಲ, ಅದರ ಸೋದರ ಬಗೆ: ಗಂಟೆ ನಿಮಿಷಗಳ ಜೊತೆಗೆ ದಿನ, ವಾರ, ತಿಂಗಳನ್ನೂ ತೋರಿಸುತ್ತದೆ, ಗಂಟೆಗೊಮ್ಮೆ ಪುಟ್ಟ ಸೈನಿಕರು ಕವಾಯತು ನಡೆಸುತ್ತಾರೆ.