ಮಸ್ಕತ್ತಿನ ಉತ್ತತ್ತಿ

ಬಾಣಂತಿಯ ಅಂಟಿನುಂಡೆಗೆ ಕುಟ್ಟಿ ಹಾಕುವ ಉತ್ತತ್ತಿ ನಮ್ಮ ನಾಡಿನ ಹಳೆಯ ಬೆಳೆಯಲ್ಲ. ಹಳ್ಳದ ಬದಿಯ ಈಚಲು ಅದೇ ಕುಲದ ಮರವಾದರೂ ಅದರ ಹಣ್ಣಿನಲ್ಲಿ ತಿರುಳಿಗಿಂತ ಬೀಜವೇ ಹೆಚ್ಚು. ಉತ್ತತ್ತಿಯ ತವರುಗಳಲ್ಲೊಂದು ಒಮಾನ್. ಅಲ್ಲಿ ‘ಮಬ್ಸಲಿ’ ಎಂಬ ಜಾತಿಯ ಖರ್ಜೂರವನ್ನು, ಕಾಯಿ ಬಲಿತು ಹಳದಿಗೆ ತಿರುಗಿದಾಗ, ಇನ್ನೂ ಮೆತ್ತಗಾಗುವ ಮೊದಲೇ ಕೊಯ್ದು, ದೊಡ್ಡ ತಾಮ್ರದ ಹಂಡೆಗಳಲ್ಲಿ ಕುದಿಸಿ, ಬಿಸಿಲಿಗೆ ಹರಡಿ ಒಣಗಿಸುತ್ತಾರೆ. ಕುದಿಸಿದೊಡನೆ ಹಣ್ಣಾಗುವ ಕ್ರಿಯೆ ನಿಲ್ಲುತ್ತದೆ. ನೀರು ಆರಿದ ಮೇಲೆ ಕೆಡುವ ಭಯವೂ ಕಡಿಮೆ. ಹಾಯಿಹಡಗಿನ ಪಯಣಕ್ಕೆ ಇದಕ್ಕಿಂತ ತಕ್ಕ ಸರಕು ಬೇಕೆ? ಕೊಯ್ಲು ಬೇಸಗೆಯಲ್ಲಿ, ಅರಬ್ಬೀ ಸಮುದ್ರದಲ್ಲಿ ಮಳೆಗಾಲದ ಬಿರುಸು ಇಳಿಯುವ ಹೊತ್ತಿಗೆ ಸರಕು ಸಿದ್ಧ.

ಮಸ್ಕತ್ತಿಗೆ ಬೇಕಾಗಿದ್ದುದು ಅಕ್ಕಿ. ಅದನ್ನು ಮಂಗಳೂರು ಕಳುಹಿಸುತ್ತಿತ್ತು. ಟಿಪ್ಪು ಸುಲ್ತಾನನು 1780ರ ದಶಕದಲ್ಲಿ ಮಸ್ಕತ್ತಿನಲ್ಲಿ ತನ್ನದೇ ಕೋಠಿಯನ್ನಿಟ್ಟು ಅಕ್ಕಿ, ಗಂಧ, ಮೆಣಸು, ಏಲಕ್ಕಿಗಳ ವ್ಯಾಪಾರ ನಡೆಸಿದನು.

ಹಡಗುಗಳು ಹಣ್ಣನ್ನು ತಂದುವು; ಅದನ್ನುಣ್ಣುವ ಕ್ರಮವನ್ನು ತರಲಿಲ್ಲ. ಮರುಭೂಮಿಯ ಅಲೆಮಾರಿಗಳು ಖರ್ಜೂರವನ್ನು ಒಂಟೆಯ ಹಾಲಿನೊಡನೆ ಉಂಡವರು. 100 ಗ್ರಾಂ ಖರ್ಜೂರದಲ್ಲಿ ಸುಮಾರು 75 ಗ್ರಾಂ ಪಿಷ್ಟ-ಸಕ್ಕರೆ, 280 ಕ್ಯಾಲೊರಿ ಶಕ್ತಿ, ಸಾಕಷ್ಟು ಪೊಟ್ಯಾಸಿಯಂ ಇವೆ. ಸಸಾರಜನಕ ಮಾತ್ರ 2 ಗ್ರಾಂ. ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ, ‘ಸಿ’ ಜೀವಸತ್ವವೂ ಹಾಗೆಯೇ. ಈ ಕೊರತೆಗಳನ್ನು ಹಾಲು ತುಂಬಿಕೊಡುತ್ತಿತ್ತು.

ನಮ್ಮಲ್ಲಿ ಖರ್ಜೂರಕ್ಕೆ ಬೇರೆಯೇ ಕೀರ್ತಿ: ಅದು ರಕ್ತ ಹೆಚ್ಚಿಸುತ್ತದೆಯಂತೆ. ಆ 100 ಗ್ರಾಮಿನಲ್ಲಿರುವ ಕಬ್ಬಿಣ ಸುಮಾರು 1 ಮಿಲಿಗ್ರಾಂ; ಗರ್ಭಿಣಿಗೆ ದಿನಕ್ಕೆ ಬೇಕಾದುದು 20 ಮಿಲಿಗ್ರಾಮಿಗೂ ಹೆಚ್ಚು. ಖರ್ಜೂರ ತಿನ್ನುತ್ತಿದ್ದೇನಲ್ಲ ಎಂದು ಕಬ್ಬಿಣದ ಮಾತ್ರೆಯನ್ನು ಬದಿಗಿಟ್ಟ ಬಸುರಿಯರನ್ನು ನಾನು ಬಲ್ಲೆ. ಈ ನಂಬಿಕೆಗೆ ನಾನು ಹಳೆಯ ವೈದ್ಯವನ್ನು ದೂರಲಾರೆ. ಚರಕಸಂಹಿತೆಯು ಖರ್ಜೂರವನ್ನು ದ್ರಾಕ್ಷಿ, ದಾಳಿಂಬೆ, ಕಬ್ಬುಗಳೊಡನೆ ‘ಶ್ರಮಹರ’ ವರ್ಗದಲ್ಲಿರಿಸಿದೆ. ಆಯಾಸ ಕಳೆಯುವುದೆಂಬ ಆ ಮಾತಿಗೂ ಇಂದಿನ ಲೆಕ್ಕಕ್ಕೂ ವಿರೋಧವಿಲ್ಲ.

ಅಂಟಿನುಂಡೆ ಕಟ್ಟಿದ ನಮ್ಮ ಅಜ್ಜಿಯರಾದರೋ ಹಾಲಿನ ಸ್ಥಾನಕ್ಕೆ ತುಪ್ಪ, ಕೊಬ್ಬರಿ, ಗೋಡಂಬಿಗಳನ್ನು ತಂದರು. ಉತ್ತತ್ತಿಯ ನಾರು ಬಾಣಂತಿಯ ಮಲಬದ್ಧತೆಗೂ ಒದಗಿತು. ಆದರೆ ಸಕ್ಕರೆಕಾಯಿಲೆಯ ತಾಯಂದಿರು ಈ ಉಂಡೆಯನ್ನು ಎಣಿಸಿಯೇ ತಿನ್ನಬೇಕು. ಒಣಗಿದಾಗ ಹೋದದ್ದು ನೀರು, ಸಕ್ಕರೆಯಲ್ಲ.