ಸಯನ್ನಿನ ನೆಲವೂ ಅದರ ಕಂಪನವೂ

ಸಯನ್ ಎಂಬ ಹೆಸರು ಮರಾಠಿಯ ‘ಶೀವ್’ ಶಬ್ದದಿಂದ ಬಂದುದು. ಗಡಿ ಎಂದು ಅದರ ಅರ್ಥ. ಮುಂಬಯಿಯು 1668ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ವಶವಾದ ಮೇಲೆ, ಅದಕ್ಕೂ ಪೋರ್ತುಗೀಸರ ಸಾಷ್ಟಿಗೂ ನಡುವಣ ಎಲ್ಲೆ ಇಲ್ಲಿಯೇ ಇದ್ದಿತು. ಗುಡ್ಡದ ಮೇಲಣ ಕೋಟೆ ಆ ಶತಮಾನದ್ದೇ. ಕೋಟೆಯ ಆಚೆಗೆ ಉಪ್ಪುನೀರಿನ ಜೌಗು. ಜೊನಾಥನ್ ಡಂಕನ್ನನ ಆಡಳಿತದಲ್ಲಿ ಕುರ್ಲಾಕ್ಕೆ ಕಟ್ಟೆದಾರಿಯಾದ ತರುವಾಯ ಜಲದ ಎಲ್ಲೆ ಕ್ರಮೇಣ ಕಣ್ಮರೆಯಾಯಿತು.

ಆದರೆ ನೆಲದೊಳಗಿನ ಎಲ್ಲೆ ಅಳಿದಿಲ್ಲ. ಒಂದೆಡೆ ಗುಡ್ಡದ ಬಂಡೆ, ಇನ್ನೊಂದೆಡೆ ಹೂಳಿನ ಮೇಲೆ ಸುರಿದ ಮಣ್ಣು. ಭೂಕಂಪದಲ್ಲಿ ಇವೆರಡೂ ಒಂದೇ ಬಗೆಯಾಗಿ ಅಲುಗುವುದಿಲ್ಲ. 1985ರ ಸೆಪ್ಟೆಂಬರ್ 19ರಂದು ಮೆಕ್ಸಿಕೋ ನಗರದಲ್ಲಿ, ಕಂಪನದ ಮೂಲ ನೂರಾರು ಕಿಲೋಮೀಟರ್ ದೂರದಲ್ಲಿದ್ದರೂ, ಹಳೆಯ ಸರೋವರದ ಮೇಲಣ ಕಟ್ಟಡಗಳು ಕುಸಿದವು. 1967ರ ಡಿಸೆಂಬರ್ 11ರ ಕೊಯ್ನಾ ಭೂಕಂಪದ ನಡುಕ ಮುಂಬಯಿಗೂ ತಲುಪಿದ್ದಿತು.

ನೆಲದ ಗುಣವನ್ನರಿಯಲು ಭೂಕಂಪಕ್ಕಾಗಿ ಕಾಯಬೇಕಾಗಿಲ್ಲ. ಕಡಲ ಅಲೆ, ರೈಲು, ಲಾರಿ ಇವುಗಳಿಂದ ನೆಲ ಎಡೆಬಿಡದೆ ನವಿರಾಗಿ ಕಂಪಿಸುತ್ತಿರುತ್ತದೆ. ಜಪಾನಿನ ಕನಾಯ್ 1950ರ ದಶಕದಲ್ಲಿಯೇ ಇದನ್ನು ಅಭ್ಯಸಿಸಿದನು. ಅಡ್ಡ ಕಂಪನವನ್ನು ಲಂಬ ಕಂಪನದಿಂದ ಭಾಗಿಸುವ ವಿಧಾನವನ್ನು 1989ರಲ್ಲಿ ನಕಮುರಾ ಪ್ರಚುರಪಡಿಸಿದನು. ಆ ಭಾಗಲಬ್ಧ ಶಿಖರಕ್ಕೇರುವ ಆವೃತ್ತಿಯೇ ಆ ತಾಣದ ಸಹಜ ಆವೃತ್ತಿ. ಮೆದುಪದರದಲ್ಲಿ ಅಡ್ಡ ಅಲೆಯ ವೇಗವನ್ನು ಪದರದ ದಪ್ಪದ ನಾಲ್ಕು ಪಟ್ಟಿನಿಂದ ಭಾಗಿಸಿದರೂ ಸುಮಾರಾಗಿ ಅದೇ ದೊರೆಯುತ್ತದೆ. ಉದಾಹರಣೆಗೆ, ವೇಗ ಸೆಕೆಂಡಿಗೆ 160 ಮೀಟರ್, ದಪ್ಪ 20 ಮೀಟರ್ ಎಂದಾದರೆ, ಸೆಕೆಂಡಿಗೆ ಎರಡು ತೂಗಾಟ. ಐದಂತಸ್ತಿನ ಮನೆಯ ತೂಗಾಟವೂ ಸುಮಾರಾಗಿ ಅಷ್ಟೇ. ಎರಡೂ ಸಮನಾದೆಡೆಯಲ್ಲಿಯೇ ಅಪಾಯ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ತಮ್ಮ ನಗರದ ನೆಲವನ್ನು ಇಂತಹ ಸೂಕ್ಷ್ಮಕಂಪನಗಳಿಂದಲೂ ಪರೀಕ್ಷಿಸಿದ್ದಾರೆ. ಧರ್ಮಾಂಬುಧಿ, ಸಂಪಂಗಿ ಕೆರೆಗಳನ್ನು ಮುಚ್ಚಿ ಬೆಳೆದ ನಗರಕ್ಕೆ ಅದು ಸಲ್ಲತಕ್ಕ ಕಾರ್ಯವೇ ಸರಿ. ಆದರೂ ಈ ವಿಧಾನಕ್ಕೆ ಮಿತಿಯುಂಟು. ಶಿಖರದ ಎತ್ತರದಿಂದ ಭೂಕಂಪದ ಕಾಲದಲ್ಲಿ ಅಲುಗಾಟ ಎಷ್ಟು ಪಟ್ಟು ಹೆಚ್ಚೀತೆಂದು ಹೇಳಲಾಗದು; ಕೊಳವೆ ಕೊರೆದು ಮಣ್ಣಿನ ಪದರಗಳನ್ನು ನೋಡಲೇಬೇಕು.

ಎಲ್ಲಿ ಅಳೆಯಬೇಕೆಂದು ತೋರಿಸಲು ಇತಿಹಾಸಕಾರನೂ ಬೇಕು. ಹಳೆಯ ನಕ್ಷೆಗಳು ಜೌಗಿನ ಅಂಚನ್ನು ಗುರುತಿಸಿಟ್ಟಿವೆ. ಸಯನ್-ಮಾಟುಂಗಾಗಳಲ್ಲಿ ಹಳೆಯ ಮನೆಗಳನ್ನು ಕೆಡವಿ ಬಹುಮಹಡಿಗಳನ್ನು ಎತ್ತುತ್ತಿರುವ ಈ ಕಾಲದಲ್ಲಿ, ಅಲ್ಲಿ ನೆಲೆಸಿದ ನಾವು ನಮ್ಮ ಮನೆಯ ಅಡಿ ಗುಡ್ಡವಿತ್ತೋ ನೀರಿತ್ತೋ ಎಂದು ಕೇಳುವುದು ಕೇವಲ ಕುತೂಹಲವಲ್ಲ, ಕರ್ತವ್ಯ.