ರಂಧ್ರವು ಗುಣವಾದ ಬಗೆ: ಮೂಳೆ ಕೂಡಿಸುವ ಪಿಂಗಾಣಿಯ ಚರಿತ್ರೆ

ವಿಶಾಖಪಟ್ಟಣದ ಮಗ್ಗುಲಲ್ಲಿರುವ ಪೆಂಡುರ್ತಿಯಲ್ಲಾಗಲಿ, ನಾವು ಬಿಟ್ಟುಬಂದ ಬಳ್ಳಾರಿ ಧಾರವಾಡಗಳಲ್ಲಾಗಲಿ, ಬೇಸಗೆ ಬಂದಿತೆಂದರೆ ಮಣ್ಣಿನ ಹೂಜಿಗೆ ಮರ್ಯಾದೆ ಬರುತ್ತದೆ. ಹೂಜಿಯ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ಅವುಗಳಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಬಿಸಿಯನ್ನು ಹೀರಿಕೊಂಡು ಹೋಗುತ್ತದೆ. ಮೆರುಗು ಕೊಟ್ಟ ಪಿಂಗಾಣಿಯ ಜಾಡಿ ನೋಡಲು ಎಷ್ಟು ಚೆಲುವಾಗಿದ್ದರೂ ಈ ಉಪಕಾರವನ್ನು ಮಾಡಲಾರದು.

ಆದರೆ ಕುಂಭಕಲೆಯ ದೀರ್ಘ ಚರಿತ್ರೆಯಲ್ಲಿ ರಂಧ್ರಕ್ಕೆ ದೊರೆತ ಮನ್ನಣೆ ಬಹುಮಟ್ಟಿಗೆ ಇಷ್ಟೇ. ಮಿಕ್ಕಂತೆ ಅದು ದೋಷವೆಂದೇ ಎಣಿಕೆಯಾಯಿತು. ಮೈಸೂರು ಸಂಸ್ಥಾನದ ನಿದರ್ಶನವನ್ನೇ ತೆಗೆದುಕೊಳ್ಳಬಹುದು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ತಂತಿಯು ಕಂಬಕ್ಕೆ ತಾಗದಂತೆ ಹಿಡಿದಿಡಲು ಪಿಂಗಾಣಿಯ ನಿರೋಧಕಗಳು ಬೇಕು. ಅವುಗಳ ಮೈಯಲ್ಲಿ ರಂಧ್ರವಿದ್ದರೆ ತೇವ ಸೇರುತ್ತದೆ. ತೇವ ಸೇರಿದರೆ ವಿದ್ಯುತ್ತು ಅವನ್ನು ಭೇದಿಸಿಕೊಂಡು ಹೋಗುತ್ತದೆ. ಸಂಸ್ಥಾನದ ಕಾಲದಲ್ಲಿ ಬೆಂಗಳೂರಿನ ಮಲ್ಲೇಶ್ವರದ ಅಂಚಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಗೆ ಎದುರಾಗಿ ತಲೆಯೆತ್ತಿದ ಸರ್ಕಾರಿ ಪಿಂಗಾಣಿ ಕಾರ್ಖಾನೆಯು ಇಂತಹ ನಿರೋಧಕಗಳಿಗೆ ಹೆಸರಾಯಿತು. ಮುಂದೆ ಭಾರತ್ ಹೆವಿ ಎಲೆಕ್ಟ್ರಿಕಲ್ಸ್ ಸಂಸ್ಥೆಯ ಒಂದು ವಿಭಾಗವೂ ಆಯಿತು. ಅಲ್ಲಿನ ಕುಶಲತೆಯೆಲ್ಲ ರಂಧ್ರವನ್ನು ಮುಚ್ಚುವುದರಲ್ಲಿಯೇ ಅಡಗಿತ್ತು.

ಅದೇ ರಂಧ್ರವು ಇನ್ನೊಂದು ಕ್ಷೇತ್ರದಲ್ಲಿ ಗುಣವೆನಿಸಿದ್ದು ಹೇಗೆಂಬುದೇ ಪ್ರಕೃತ ಲೇಖನದ ವಿಷಯ. ಆಂಧ್ರದ ಪುತ್ತೂರು ಕಟ್ಟಿನ ಹೆಸರನ್ನು ಕೇಳದ ಕನ್ನಡಿಗರು ವಿರಳ. ಮುರಿದ ಮೂಳೆಯ ತುದಿಗಳನ್ನು ಸರಿಯಾಗಿ ಹೊಂದಿಸಿ ಅಲುಗದಂತೆ ಕಟ್ಟಿದರೆ ಸಾಮಾನ್ಯವಾಗಿ ಅದು ತಾನೇ ಕೂಡಿಕೊಳ್ಳುತ್ತದೆ. ಆದರೆ ಅಪಘಾತದಿಂದಲೋ ಗಡ್ಡೆಯನ್ನು ತೆಗೆದುದರಿಂದಲೋ ಮೂಳೆಯ ಒಂದು ಭಾಗವೇ ಇಲ್ಲವಾದಾಗ ಯಾವ ಕಟ್ಟೂ ಅದನ್ನು ತುಂಬಿಕೊಡಲಾರದು. ರೋಗಿಯ ಸೊಂಟದ ಮೂಳೆಯಿಂದ ಚೂರನ್ನು ತೆಗೆದು ಕಸಿಮಾಡುವುದು ಇಂದಿಗೂ ಮಾನ್ಯವಾದ ಉಪಾಯ. ಆದರೆ ಒಂದು ಗಾಯವನ್ನು ಗುಣಪಡಿಸಲು ಇನ್ನೊಂದು ಗಾಯವನ್ನು ಮಾಡಬೇಕಾಗುತ್ತದೆ. ದೊರೆಯುವ ಮೂಳೆಯೂ ಮಿತವಾದುದು. ಬದಲಿ ವಸ್ತುವಿನ ಶೋಧಕ್ಕೆ ಮೂಲವಾದುದು ಈ ಸಂಕಟವೇ.

1892ರಲ್ಲಿ ಜರ್ಮನಿಯ ಡ್ರೀಸ್‌ಮಾನ್ ಎಂಬ ವೈದ್ಯರು ಮೂಳೆಯ ಪೊಳ್ಳುಗಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ತುಂಬಿದ ವಿವರವನ್ನು ಪ್ರಕಟಿಸಿದರು. ಅದು ದೇಹದಲ್ಲಿ ಬೇಗನೆ ಕರಗಿಹೋಗುವ ವಸ್ತು. 1920ರಲ್ಲಿ ಅಮೆರಿಕದ ಫ್ರೆಡ್ ಆಲ್ಬೀ ಮತ್ತು ಮಾರಿಸನ್ ಕ್ಯಾಲ್ಸಿಯಂ ಫಾಸ್ಫೇಟು ಮೂಳೆಯ ಕೂಡಿಕೆಗೆ ನೆರವಾಗುತ್ತದೆಂದು ತೋರಿಸಿದರು. 1926ರಲ್ಲಿ ಡಿ ಯಾಂಗ್ ಎಂಬ ವಿದ್ವಾಂಸರು ಕ್ಷಕಿರಣದ ಪರೀಕ್ಷೆಯಿಂದ ಮೂಳೆಯ ಖನಿಜಾಂಶವು ಅಪಟೈಟ್ ಎಂಬ ಕಲ್ಲಿನ ಜಾತಿಯದೆಂದು ಗುರುತಿಸಿದರು. ಹೀಗೆ ಯಾವ ದ್ರವ್ಯ ಬೇಕೆಂಬುದು ಕ್ರಮೇಣ ಸ್ಪಷ್ಟವಾಯಿತು. ಅದರ ಒಳರಚನೆ ಹೇಗಿರಬೇಕೆಂಬ ಪ್ರಶ್ನೆಯನ್ನು ಮಾತ್ರ ಇನ್ನೂ ಯಾರೂ ಬಿಡಿಸಿರಲಿಲ್ಲ.

ಉತ್ತರದ ಸುಳಿವು ಮೂಳೆಯಲ್ಲಿಯೇ ಇದ್ದಿತು. ಇಂಗ್ಲೆಂಡಿನ ಕ್ಲಾಪ್ಟನ್ ಹ್ಯಾವರ್ಸ್ 1691ರಲ್ಲಿಯೇ ಮೂಳೆಯ ಒಳಗಿನ ಸೂಕ್ಷ್ಮನಾಳಗಳನ್ನು ವರ್ಣಿಸಿದ್ದರು. ಸುಮಾರು 50 ಮೈಕ್ರೋಮೀಟರು, ಎಂದರೆ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗ, ಅಗಲದ ಆ ನಾಳಗಳಲ್ಲಿ ರಕ್ತನಾಳಗಳು ಹಾಯ್ದಿರುತ್ತವೆ. ಮೂಳೆ ಗಟ್ಟಿಯಾದ ಕಲ್ಲಲ್ಲ. ರಕ್ತ ಸಂಚರಿಸುವ ಜೀವಂತ ಕಟ್ಟಡ.

ಆದರೂ ಹಳೆಯ ಸಂಸ್ಕಾರ ಸುಲಭವಾಗಿ ಬಿಡಲಿಲ್ಲ. 1953ರಲ್ಲಿ ರಿಶ್ಕೆವಿಚ್ ಎಂಬುವರು, ರಂಧ್ರದ ಪ್ರಮಾಣ ಹೆಚ್ಚಿದಂತೆ ಪಿಂಗಾಣಿಯ ಬಲವು ಅತಿ ವೇಗವಾಗಿ ಕುಗ್ಗುತ್ತದೆಂದು ಅಳತೆಮಾಡಿ ತೋರಿಸಿದ್ದರು. 1963ರಲ್ಲಿ ಲೈಮನ್ ಸ್ಮಿತ್ ಎಂಬುವರು ಮೂಳೆಯ ಬದಲಿಗೆಂದು ರಂಧ್ರಮಯವಾದ ಪಿಂಗಾಣಿಯೊಂದನ್ನು ಸಿದ್ಧಪಡಿಸಿದರು. ಆದರೆ ಆ ರಂಧ್ರಗಳನ್ನು ಎಪಾಕ್ಸಿ ರಾಳದಿಂದ ತುಂಬಿಬಿಟ್ಟರು. ಬಾಗಿಲನ್ನು ಇಟ್ಟವರೇ ಅದನ್ನು ಗೋಡೆಕಟ್ಟಿ ಮುಚ್ಚಿದಂತಾಯಿತು.

ಬಾಗಿಲು ತೆರೆದುದು 1971ರಲ್ಲಿ. ಕ್ಲಾವಿಟರ್ ಮತ್ತು ಹಲ್ಬರ್ಟ್ ಎಂಬ ಅಮೆರಿಕದ ಸಂಶೋಧಕರು ರಂಧ್ರಗಳನ್ನು ಮುಚ್ಚದೆಯೇ ಕ್ಯಾಲ್ಸಿಯಂ ಅಲ್ಯುಮಿನೇಟಿನ ತುಂಡುಗಳನ್ನು ನಾಯಿಗಳ ತೊಡೆಮೂಳೆಯಲ್ಲಿ ನೆಟ್ಟು ಪರಿಶೀಲಿಸಿದರು. ರಂಧ್ರದಿಂದ ರಂಧ್ರಕ್ಕೆ ಹಾಯುವ ಕಂಡಿಯು 5ರಿಂದ 15 ಮೈಕ್ರೋಮೀಟರು ಇದ್ದಲ್ಲಿ ಬರಿಯ ನಾರಿನಂತಹ ಅಂಗಾಂಶ ಬೆಳೆಯಿತು. 40ರಿಂದ 100ರವರೆಗೆ ಇದ್ದಲ್ಲಿ ಖನಿಜ ಕೂಡದ ಎಳೆಯ ಮೂಳೆ ಹೊಕ್ಕಿತು. 100ನ್ನು ಮುಟ್ಟಿದಲ್ಲಿ ಬಲಿತ ಮೂಳೆಯೇ ಬೆಳೆಯಿತು. ಇಲ್ಲಿ ಗಮನಿಸಬೇಕಾದುದು ರಂಧ್ರದ ಗಾತ್ರಕ್ಕಿಂತ ಮಿಗಿಲಾಗಿ ರಂಧ್ರಗಳ ನಡುವಣ ಹಾದಿ. ಕೋಣೆ ಎಷ್ಟು ವಿಶಾಲವಾಗಿದ್ದರೇನು, ಒಳಹೋಗಲು ದಾರಿಯಿಲ್ಲದಿದ್ದರೆ ಅತಿಥಿ ಹೊರಗೇ ನಿಲ್ಲಬೇಕು.

ಇಂತಹ ಹಾದಿಗಳನ್ನು ಪ್ರಕೃತಿ ಮೊದಲೇ ಕಟ್ಟಿಟ್ಟಿದ್ದಿತು. 1974ರಲ್ಲಿ ಡೆಲ್ಲಾ ರಾಯ್ ಮತ್ತು ಲಿನ್ನೆಹಾನ್ ಎಂಬ ವಿದುಷಿಯರು, ಹವಳದ ಸುಣ್ಣವನ್ನು ಬಿಸಿನೀರಿನ ಒತ್ತಡದಲ್ಲಿ, ಅದರ ರಚನೆ ಕೆಡದಂತೆ, ಮೂಳೆಯ ಖನಿಜವಾದ ಹೈಡ್ರಾಕ್ಸಿಅಪಟೈಟ್ ಆಗಿ ಮಾರ್ಪಡಿಸಿದರು. ಭಾರತದಲ್ಲಿ ಹವಳಗಳು 2001ರಿಂದ ವನ್ಯಜೀವಿ ಶಾಸನದ ರಕ್ಷಣೆಯಲ್ಲಿವೆ. ಆದರೆ ಆಯುರ್ವೇದವು ಸಮುದ್ರಫೇನವೆಂದು ಕರೆಯುವ ಕಪ್ಪೆಬೊಂಡಾಸಿನ ಬಿಳಿಯ ಹಗುರ ಚಿಪ್ಪನ್ನೂ ಹೀಗೆಯೇ ಮಾರ್ಪಡಿಸಬಹುದೆಂದು ಅನಂತರದ ಪ್ರಯೋಗಗಳು ತೋರಿಸಿದವು. ವಿಶಾಖಪಟ್ಟಣದ ಬಂದರಿಗೆ ಬರುವ ಮೀನುದೋಣಿಗಳಲ್ಲಿ ಆ ಜೀವಿಗೆ ಕೊರತೆಯಿಲ್ಲ. ಕೃತಕ ಮಾರ್ಗವೂ ಉಂಟು: ಬೆಂಕಿಗೆ ಉರಿದುಹೋಗುವ ಕಣಗಳನ್ನು ಪುಡಿಯೊಡನೆ ಬೆರೆಸಿ ಸುಟ್ಟರೆ ಅವುಗಳ ಜಾಗ ಬರಿದಾಗಿ ಉಳಿಯುತ್ತದೆ. ಜೇಡಿಮಣ್ಣಿಗೆ ಭತ್ತದ ಹೊಟ್ಟು ಬೆರೆಸಿ ಇಟ್ಟಿಗೆ ಸುಡುವವರಿಗೆ ಈ ತತ್ತ್ವ ಹೊಸದಲ್ಲ.

ಇಷ್ಟರಲ್ಲಿ 100 ಎಂಬ ಅಂಕಿ ಒಂದು ಶಾಸನವೇ ಆಗಿಹೋಗಿತ್ತು. 2001ರಲ್ಲಿ ಪ್ರಕಟವಾದ ಪ್ರಯೋಗವೊಂದು ಅದನ್ನು ಅಲುಗಿಸಿತು. ಭಾರ ಬೀಳದಂತೆ ಮೊಲಗಳಲ್ಲಿ ಇರಿಸಿದ ಟೈಟೇನಿಯಮ್ಮಿನ 50 ಮೈಕ್ರೋಮೀಟರಿನ ರಂಧ್ರಗಳಲ್ಲಿಯೂ ಮೂಳೆ ಬೆಳೆಯಿತು. 10 ಮೈಕ್ರೋಮೀಟರಿಗಿಂತ ಕಿರಿದಾದ, ಜೀವಕೋಶವೂ ನುಸುಳಲು ಕಷ್ಟಪಡುವ ರಂಧ್ರಗಳು ಸಹ ವ್ಯರ್ಥವಲ್ಲ. ಅವು ಒಳಮೈಯ ವಿಸ್ತಾರವನ್ನು ಹೆಚ್ಚಿಸಿ, ದೇಹದ್ರವದ ಪ್ರೋಟೀನುಗಳನ್ನು ಹಿಡಿದಿಡುತ್ತವೆ. ಒಂದು ಪ್ರಾಣಿಯಲ್ಲಿ, ಒಂದು ವಸ್ತುವಿನಲ್ಲಿ, ಒಂದು ಸನ್ನಿವೇಶದಲ್ಲಿ ದೊರೆತ ಅಂಕಿಯನ್ನು ಸಾರ್ವತ್ರಿಕ ನಿಯಮವೆಂದು ಬಗೆಯಬಾರದೆಂಬುದು ಈ ಚರಿತ್ರೆಯ ಒಂದು ಪಾಠ. ಹಾಗೆಂದು ರಿಶ್ಕೆವಿಚ್ಚರ ಎಚ್ಚರಿಕೆ ಸುಳ್ಳಾಗಲಿಲ್ಲ. ರಂಧ್ರ ಹೆಚ್ಚಿದರೆ ಮೂಳೆ ಒಳಬರುತ್ತದೆ, ಬಲ ಹೊರಹೋಗುತ್ತದೆ. ಆದುದರಿಂದಲೇ ಇಂತಹ ಪಿಂಗಾಣಿ ಪೊಳ್ಳು ತುಂಬಲು ಒದಗುವಷ್ಟು ಸುಲಭವಾಗಿ ಕಾಲಿನ ಭಾರ ಹೊರಲು ಒದಗುವುದಿಲ್ಲ.

ಈ ತೂಗಾಟವನ್ನು ಬಿಡಿಸುವ ಕಾರ್ಯದಲ್ಲಿ ನಮ್ಮ ದೇಶವೂ ಪಾಲುಗೊಂಡಿದೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಹೈಡ್ರಾಕ್ಸಿಅಪಟೈಟಿನ ಕಸಿವಸ್ತುಗಳು ರೂಪುಗೊಂಡವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೈವಿಕ ಪಿಂಗಾಣಿಗಳ ಸಂಶೋಧನೆಯನ್ನು ಮುನ್ನಡೆಸಿದ ಬಿಕ್ರಮ್‌ಜಿತ್ ಬಸು ಅವರಿಗೆ 2013ರಲ್ಲಿ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿ ಸಂದಿತು.

ಹೀಗೆ ಒಂದೇ ಊರಿನ ಒಂದೇ ರಸ್ತೆಯ ಒಂದು ಬದಿಯಲ್ಲಿ ರಂಧ್ರವನ್ನು ಅಳಿಸುವ ವಿದ್ಯೆ ಬೆಳೆಯಿತು. ಇನ್ನೊಂದು ಬದಿಯಲ್ಲಿ ಅದನ್ನು ಉಳಿಸುವ ವಿದ್ಯೆ. ಎರಡೂ ಸರಿಯೇ. ದೋಷವೆಂಬುದೂ ಗುಣವೆಂಬುದೂ ವಸ್ತುವಿನಲ್ಲಿ ಅಂಟಿಕೊಂಡು ಬಂದವಲ್ಲ. ಅದರಿಂದ ನಾವು ಬಯಸುವ ಕಾರ್ಯವೇ ಅವನ್ನು ನಿರ್ಣಯಿಸುತ್ತದೆ. ಪೆಂಡುರ್ತಿಯ ಮನೆಯ ಮೂಲೆಯಲ್ಲಿ ಬೆವರುತ್ತ ಕುಳಿತ ಹೂಜಿ ಇದನ್ನು ಬಹುಕಾಲದಿಂದ ಹೇಳುತ್ತಲೇ ಇದ್ದಿತು.